ಕೈಲಾದಾಗ ಕೊಡುವ ಚೆಕ್ಕು



ಈ ದತ್ತಿ ಉಪನ್ಯಾಸದ ಸಂಘಟಕರು ಆಹ್ವಾನದ ಜೊತೆಗೆ, ದತ್ತಿ ಇಟ್ಟ ಮೇಷ್ಟ್ರ ದತ್ತಿ ಪತ್ರದ ನಕಲನ್ನೂ ಕಳಿಸಿದ್ದರು. ಒಂದೂವರೆ ಪುಟ, ದುಂಡು ಅಕ್ಷರ. ಇಂಥ ಪತ್ರಗಳನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ, ನಾನು ಓದಿದೆ. ಮೂರನೆಯ ಷರತ್ತು ಎಲ್ಲ ದತ್ತಿಗಳಲ್ಲೂ ಇರುವಂಥದ್ದು: ಮೂಲಧನಕ್ಕೆ ಕೈ ಹಾಕಕೂಡದು, ಬಡ್ಡಿಯಲ್ಲೇ ಕಾರ್ಯಕ್ರಮ ನಡೆಸಬೇಕು. ನಾಲ್ಕನೆಯದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಡ್ಡಿ ಕಡಿಮೆ ಬಂದ ವರ್ಷ ಮೊದಲು ಹಾರ, ಶಾಲು ಬಿಡಿ. ಆಮೇಲೂ ಕೊರತೆಯಾದರೆ ಭಾಷಣಕಾರರ ಸಂಭಾವನೆ ಇಳಿಸಿ. ಇಬ್ಬರು ಬಡ ವಿದ್ಯಾರ್ಥಿಗಳ ಪುಸ್ತಕಕ್ಕೆ ಕೊಡುವ ಹಣವನ್ನು ಮಾತ್ರ ಇಳಿಸಕೂಡದು. ಈಗಷ್ಟೇ ನನಗೆ ಒಂದು ಗುಲಾಬಿ ಹೂ ಕೊಟ್ಟರು, ಶಾಲು ಹೊದಿಸಲಿಲ್ಲ. ಬಡ್ಡಿ ಇಳಿದಿದೆ ಎಂದು ಅದರಿಂದಲೇ ಗೊತ್ತಾಯಿತು.

ಕಷ್ಟದ ವರ್ಷ ಬಂದರೆ ಮೊದಲು ಯಾವುದಕ್ಕೆ ಕತ್ತರಿ, ಕೊನೆಗೂ ಯಾವುದನ್ನು ಮುಟ್ಟಬಾರದು ಎಂದು ಮೇಷ್ಟ್ರು ಸುಖದ ದಿನದಲ್ಲೇ ಕೂತು ಬರೆದಿಟ್ಟರು. ದೇಶಗಳು ಹಾಗೆ ಬರೆದಿಡುವುದಿಲ್ಲ. ಬರೆದಿಡದಿದ್ದರೆ ಏನಾಗುತ್ತದೆ ಎಂಬುದೇ ನನ್ನ ಇವತ್ತಿನ ವಿಷಯ.

1948ರ ನವೆಂಬರಿನಲ್ಲಿ ನಮ್ಮ ಸಂವಿಧಾನ ರಚನಾ ಸಭೆ ರಾಜ್ಯ ನೀತಿ ನಿರ್ದೇಶಕ ತತ್ವಗಳನ್ನು ಚರ್ಚಿಸುತ್ತಿದ್ದಾಗ ಅರ್ಥಶಾಸ್ತ್ರಜ್ಞ ಕೆ. ಟಿ. ಶಾ ಒಂದು ಹೋಲಿಕೆ ಕೊಟ್ಟರು. ಇವು ಬ್ಯಾಂಕಿನ ಕೈಲಾದಾಗ ಮಾತ್ರ ಹಣ ಸಿಗುವ ಚೆಕ್ಕಿನಂತಿವೆ ಎಂದರು. ಅವರ ಕುಹಕಕ್ಕೆ ಕಾರಣವಿತ್ತು. 41ನೆಯ ವಿಧಿಯನ್ನು ನೋಡಿ. ಕೆಲಸದ ಹಕ್ಕು, ಶಿಕ್ಷಣದ ಹಕ್ಕು, ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವಿಕಲತೆಯ ಹೊತ್ತಿನಲ್ಲಿ ಸರ್ಕಾರದ ನೆರವು ಎಲ್ಲವೂ ಅದರಲ್ಲಿವೆ. ಆದರೆ ವಾಕ್ಯ ಶುರುವಾಗುವುದೇ ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಷರತ್ತಿನಿಂದ. ಅದಕ್ಕೂ ಹಿಂದೆ 37ನೆಯ ವಿಧಿ ಬಾಗಿಲು ಹಾಕಿಕೊಂಡು ನಿಂತಿದೆ: ಇವನ್ನು ಜಾರಿ ಮಾಡಿಸಲು ಕೋರ್ಟಿಗೆ ಹೋಗುವಂತಿಲ್ಲ. ಇಂಥ ಟೀಕೆಗೆ ಅಂಬೇಡ್ಕರರ ಉತ್ತರ ಹೀಗಿತ್ತು: ಅಧಿಕಾರ ಹಿಡಿದವರು ಕೋರ್ಟಿಗೆ ಉತ್ತರ ಕೊಡಬೇಕಾಗದಿರಬಹುದು, ಚುನಾವಣೆಯಲ್ಲಿ ಜನರಿಗಂತೂ ಉತ್ತರ ಕೊಡಲೇಬೇಕು. ಈ ಉತ್ತರವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದರ ಬಲವೂ ಕಾಣುತ್ತದೆ, ತೂತೂ ಕಾಣುತ್ತದೆ.

ಈ ಚೆಕ್ಕಿನ ಮಾದರಿ ನಮ್ಮದಲ್ಲ, ಐರ್ಲೆಂಡಿನದು. 1937ರ ಐರಿಷ್ ಸಂವಿಧಾನದ 45ನೆಯ ವಿಧಿ ಸಾಮಾಜಿಕ ನೀತಿಯ ನಿರ್ದೇಶಕ ತತ್ವಗಳನ್ನು ಹೇಳಿ, ಅವು ಸಂಸತ್ತಿನ ಮಾರ್ಗದರ್ಶನಕ್ಕೆ ಮಾತ್ರ, ಯಾವ ನ್ಯಾಯಾಲಯವೂ ಪರಿಗಣಿಸುವಂತಿಲ್ಲ ಎಂದು ಅಲ್ಲೇ ಮುದ್ರೆ ಒತ್ತಿತು. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ. ಎನ್. ರಾವ್, ಅಂದರೆ ನಮ್ಮ ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾಯರು, 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಬ್ರಿಟನ್ನಿನ ಜೊತೆಗೆ ಡಬ್ಲಿನ್ನಿಗೂ ಹೋಗಿ ಅಲ್ಲಿನ ಪ್ರಧಾನಿ ಡಿ ವಲೇರಾ ಅವರನ್ನು ಕಂಡು ಬಂದರು. ಬಂದವರು ಒಂದು ತಿದ್ದುಪಡಿ ಸೂಚಿಸಿದರು: ನಿರ್ದೇಶಕ ತತ್ವವನ್ನು ಜಾರಿಗೆ ತರಲು ಮಾಡಿದ ಕಾನೂನು ಮೂಲಭೂತ ಹಕ್ಕಿಗೆ ತಾಗುತ್ತದೆ ಎಂಬ ಒಂದೇ ಕಾರಣಕ್ಕೆ ಬಿದ್ದು ಹೋಗಬಾರದು. ಅದು ಅಂಗೀಕಾರವಾಗಲಿಲ್ಲ. ಇವರ ತಮ್ಮ ಬೆನಗಲ್ ರಾಮರಾಯರು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರು. ಅಣ್ಣ ಚೆಕ್ಕಿನ ಕರಡು ತಿದ್ದಿದರು, ತಮ್ಮ ಬ್ಯಾಂಕು ನೋಡಿಕೊಂಡರು ಎಂದು ನಾನು ತಮಾಷೆಗೆ ಹೇಳುವುದುಂಟು.

ಮಾದರಿ ಐರ್ಲೆಂಡಿನದಾದ್ದರಿಂದ, ಆರ್ಥಿಕ ಹಿಂಜರಿತದಲ್ಲಿ ಈ ಚೆಕ್ಕಿಗೆ ಏನಾಗುತ್ತದೆ ಎಂದು ತಿಳಿಯಬೇಕಿದ್ದರೆ ಡಬ್ಲಿನ್ನಿಗೇ ಹೋಗಬೇಕು. ಆದರೆ ಹಿಂಜರಿತಕ್ಕೆ ಮುಂಚಿನ ಒಂದು ವರ್ಷದಿಂದ ಶುರು ಮಾಡೋಣ. 2001. ಐರ್ಲೆಂಡಿಗೆ ಆಗ ‘ಸೆಲ್ಟಿಕ್ ಹುಲಿ’ ಎಂಬ ಬಿರುದು. ಬೊಕ್ಕಸ ತುಂಬಿತ್ತು, ನಿರುದ್ಯೋಗ ಶೇಕಡಾ 4ರ ಆಸುಪಾಸು. ಆ ವರ್ಷ ಅಲ್ಲಿನ ಸುಪ್ರೀಂ ಕೋರ್ಟು ಎರಡು ತೀರ್ಪು ಕೊಟ್ಟಿತು. ಒಂದರಲ್ಲಿ, ಆಟಿಸಂ ಇದ್ದ ಯುವಕನೊಬ್ಬನ ಉಚಿತ ಪ್ರಾಥಮಿಕ ಶಿಕ್ಷಣದ ಹಕ್ಕು 18 ವರ್ಷಕ್ಕೆ ಮುಗಿಯಿತು ಎಂದಿತು. ಇನ್ನೊಂದರಲ್ಲಿ, ದಿಕ್ಕುತಪ್ಪಿದ ಮಕ್ಕಳಿಗೆ ಸುರಕ್ಷಿತ ವಸತಿ ಕಟ್ಟಿಸಿಕೊಡಿ ಎಂದು ಹೈಕೋರ್ಟು ಸರ್ಕಾರಕ್ಕೆ ಹಾಕಿದ್ದ ಆದೇಶವನ್ನು ರದ್ದು ಮಾಡಿತು. ಹಣ ಎಲ್ಲಿ ಖರ್ಚಾಗಬೇಕೆಂದು ಹೇಳುವುದು ನ್ಯಾಯಾಧೀಶರ ಕೆಲಸವಲ್ಲ ಎಂಬುದು ತರ್ಕ. ತರ್ಕದಲ್ಲಿ ಹುರುಳಿಲ್ಲ ಎನ್ನಲಾರೆ. ಚುನಾಯಿತರಲ್ಲದವರು ಬಜೆಟ್ ಬರೆಯುವುದು ನನಗೂ ಇಷ್ಟವಿಲ್ಲ. ಆದರೆ ಒಂದು ಮಾತು ಗಮನಿಸಿ: ಹಣವಿದ್ದಾಗಲೂ ಚೆಕ್ಕು ನಗದಾಗಲಿಲ್ಲ.

ಈಗ 2008ರ ಸೆಪ್ಟೆಂಬರ್ 29ರ ರಾತ್ರಿ. ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿ ಎರಡು ವಾರ. ಮನೆ, ನಿವೇಶನಗಳ ಮೇಲೆ ಕಣ್ಣುಮುಚ್ಚಿ ಸಾಲ ಕೊಟ್ಟಿದ್ದ ಐರಿಷ್ ಬ್ಯಾಂಕುಗಳಿಗೆ, ಮುಖ್ಯವಾಗಿ ಆಂಗ್ಲೋ ಐರಿಷ್ ಬ್ಯಾಂಕಿಗೆ, ಬೆಳಗಾದರೆ ಬಾಗಿಲು ತೆಗೆಯುವುದೇ ಕಷ್ಟವಾಗಿತ್ತು. ಪ್ರಧಾನಿ ಬ್ರಯನ್ ಕೌವನ್, ಹಣಕಾಸು ಸಚಿವ ಬ್ರಯನ್ ಲೆನಿಹಾನ್, ಬ್ಯಾಂಕರುಗಳು, ಅಧಿಕಾರಿಗಳು ರಾತ್ರಿಯೆಲ್ಲ ಕೂತರು. ಮಿಕ್ಕ ಸಚಿವರ ಒಪ್ಪಿಗೆಯನ್ನು ಅಪರಾತ್ರಿಯಲ್ಲಿ ಫೋನಿನಲ್ಲೇ ಪಡೆದರು. ಬೆಳಗ್ಗೆ ಘೋಷಣೆ ಬಂತು: ಆರು ಬ್ಯಾಂಕುಗಳ ಠೇವಣಿಗಳಿಗೂ ಬಹುಪಾಲು ಸಾಲಗಳಿಗೂ ಸರ್ಕಾರವೇ ಖಾತರಿ. ಮೊತ್ತ ಸುಮಾರು 44,000 ಕೋಟಿ ಯೂರೋ. ದೇಶದ ಇಡೀ ವರ್ಷದ ಉತ್ಪನ್ನದ ಎರಡು ಪಟ್ಟಿಗೂ ಮೀರಿದ ಮೊತ್ತ. ಆಗಿನ ಜನಸಂಖ್ಯೆ ಸುಮಾರು 45 ಲಕ್ಷ, ಇಂದಿನ ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ.

ಆ ಚೆಕ್ಕಿನ ಮೇಲೆ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂದು ಯಾರೂ ಬರೆಯಲಿಲ್ಲ.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಬ್ಯಾಂಕುಗಳು ಮುಳುಗಿದ್ದರೆ ಎಟಿಎಂಗಳಲ್ಲಿ ನೋಟು ಇರುತ್ತಿರಲಿಲ್ಲ, ಮುದುಕರ ಪಿಂಚಣಿಯೂ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಸಾಮಾನ್ಯ ಠೇವಣಿದಾರರನ್ನು ಕಾಯುವುದು ಸರ್ಕಾರದ ಧರ್ಮವೇ. ಆದರೆ ಖಾತರಿ ಅಷ್ಟಕ್ಕೇ ನಿಲ್ಲಲಿಲ್ಲ. ಹೆಚ್ಚು ಬಡ್ಡಿಯ ಆಸೆಗೆ ಬ್ಯಾಂಕಿಗೆ ಸಾಲ ಕೊಟ್ಟಿದ್ದ ಬಾಂಡುದಾರರಿಗೂ ಅದು ದಕ್ಕಿತು. ನಷ್ಟದ ಸಾಧ್ಯತೆ ಗೊತ್ತಿದ್ದೇ ಬಂದವರಿಗೆ ನಷ್ಟವಾಗದಂತೆ ನೋಡಿಕೊಂಡರು. ಕೊನೆಗೆ ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಲು ಸರ್ಕಾರ ಸುರಿದದ್ದು ಸುಮಾರು 6,400 ಕೋಟಿ ಯೂರೋ. ತಲೆಗೆ 14,000 ಯೂರೋ ಎಂದಿಟ್ಟುಕೊಳ್ಳಿ, ಹಸುಗೂಸೂ ಸೇರಿ.

ಹದಿನೈದು ದಿನ ಕಳೆದು, ಅಕ್ಟೋಬರ್ 14ರಂದು ಬಜೆಟ್ ಬಂತು. 70 ದಾಟಿದವರಿಗೆಲ್ಲ ತಾನಾಗಿಯೇ ಸಿಗುತ್ತಿದ್ದ ಉಚಿತ ವೈದ್ಯಕೀಯ ಕಾರ್ಡನ್ನು ನಿಲ್ಲಿಸುವುದಾಗಿ ಸರ್ಕಾರ ಹೇಳಿತು. ಆ ಸವಲತ್ತು ಬಂದದ್ದು 2001ರಲ್ಲಿ, ಹುಲಿ ಗರ್ಜಿಸುತ್ತಿದ್ದ ವರ್ಷವೇ. ಮುದುಕರು ಸುಮ್ಮನಿರಲಿಲ್ಲ. ಡಬ್ಲಿನ್ನಿನ ಚರ್ಚೊಂದರಲ್ಲಿ ಸಭೆ ಸೇರಿದರು, ಅಲ್ಲಿಗೆ ಬಂದ ಸಚಿವರಿಗೆ ಮಾತಾಡಲು ಬಿಡಲಿಲ್ಲ. ಮಾರನೆಯ ದಿನ ಸಂಸತ್ತಿನ ಮುಂದೆ ಸಾವಿರಾರು ಜನ ವಾಕಿಂಗ್ ಸ್ಟಿಕ್ಕು ಹಿಡಿದುಕೊಂಡು ನಿಂತರು. ಸರ್ಕಾರ ಹಿಂದೆ ಸರಿಯಿತು. ಆದಾಯದ ಮಿತಿಯನ್ನು ಏರಿಸಿ ಬಹುತೇಕ ಎಲ್ಲರ ಕಾರ್ಡೂ ಉಳಿಯುವಂತೆ ಮಾಡಿತು. ವೃದ್ಧಾಪ್ಯ ಪಿಂಚಣಿಯ ಗರಿಷ್ಠ ದರ ವಾರಕ್ಕೆ 230.30 ಯೂರೋ ಇತ್ತು. ಮುಂದಿನ ವರ್ಷಗಳ ಎಷ್ಟೋ ಕಡಿತಗಳ ನಡುವೆಯೂ ಅದನ್ನು ಮುಟ್ಟಲಿಲ್ಲ.

ಅಂಬೇಡ್ಕರರು ಹೇಳಿದ ಚುನಾವಣೆಯ ಉತ್ತರದಾಯಿತ್ವ ಎಂದರೆ ಇದೇ. ಮುದುಕರು ತಪ್ಪದೆ ಮತ ಹಾಕುತ್ತಾರೆ.

ತೂತು ಎಲ್ಲಿದೆ ಎಂದರೆ ಇಲ್ಲಿ. 20 ವರ್ಷದ ಹುಡುಗ ಅಷ್ಟು ನಿಷ್ಠೆಯಿಂದ ಮತ ಹಾಕುವುದಿಲ್ಲ. ಕೆಲಸ ಸಿಗದೆ ಆಸ್ಟ್ರೇಲಿಯಾಕ್ಕೋ ಕೆನಡಾಕ್ಕೋ ಹೋದರೆ ಐರಿಷ್ ಕಾನೂನಿನಂತೆ ಅವನಿಗೆ ಮತವೇ ಇಲ್ಲ. 2009ರ ಡಿಸೆಂಬರಿನ ಬಜೆಟ್ಟಿನಲ್ಲಿ ನಿರುದ್ಯೋಗ ಭತ್ಯೆಯ ಪೂರ್ಣ ದರವನ್ನು ವಾರಕ್ಕೆ 204.30 ಯೂರೋದಿಂದ 196ಕ್ಕೆ, ಮಾರನೆಯ ವರ್ಷ 188ಕ್ಕೆ ಇಳಿಸಿದರು. ಅದು ಎಲ್ಲರಿಗೂ ಆದದ್ದು. ಹೊಸದಾಗಿ ಅರ್ಜಿ ಹಾಕಿದ 20, 21ರ ವಯಸ್ಸಿನವರಿಗೆ ಕೊಟ್ಟದ್ದು 100 ಯೂರೋ, 22ರಿಂದ 24ರವರಿಗೆ 150. ಅಕ್ಕಿಯ ಬೆಲೆ, ಮನೆ ಬಾಡಿಗೆ ವಯಸ್ಸು ನೋಡಿ ಬದಲಾಗುವುದಿಲ್ಲವಲ್ಲ. ಅಂಗವಿಕಲರ ಭತ್ಯೆ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರ ಭತ್ಯೆಗಳಿಗೂ ಕತ್ತರಿ ಬಿತ್ತು. ಕ್ರಿಸ್‌ಮಸ್‌ಗೆಂದು ಕೊಡುತ್ತಿದ್ದ ಎರಡರಷ್ಟು ಭತ್ಯೆ ನಿಂತಿತು. ಎಳೆಯರ ಈ ಕಡಿಮೆ ದರ, ದೇಶ ಚೇತರಿಸಿಕೊಂಡ ಮೇಲೂ ಬಹುಕಾಲ ಹಾಗೇ ಉಳಿಯಿತು.

ಇನ್ನೊಂದು ಕಡಿತವಿದೆ, ಮೊತ್ತದಲ್ಲಿ ಬಹಳ ಚಿಕ್ಕದು. ಅದೇ 2008ರ ಬಜೆಟ್ಟಿನಲ್ಲಿ ಮಾನವ ಹಕ್ಕುಗಳ ಆಯೋಗದ ಅನುದಾನ ಶೇಕಡಾ 24, ಸಮಾನತೆಯ ಪ್ರಾಧಿಕಾರದ ಅನುದಾನ ಶೇಕಡಾ 43 ಕಡಿತವಾಯಿತು. ಪ್ರಾಧಿಕಾರದ ಮುಖ್ಯಸ್ಥರು ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಬಡತನದ ಅಧ್ಯಯನ ಮಾಡುತ್ತಿದ್ದ ಸರ್ಕಾರಿ ಸಂಸ್ಥೆಯೊಂದು ಇಲಾಖೆಯಲ್ಲಿ ಕರಗಿಹೋಯಿತು. ಯಾರಿಗೆ ಎಷ್ಟು ಪೆಟ್ಟು ಬಿತ್ತೆಂದು ಅಳೆಯುವ ಕೋಲನ್ನೇ ಮೊದಲು ಮುರಿದರು. ಕಳ್ಳಕಾಕರು ಹೆಚ್ಚುವ ಬರಗಾಲದಲ್ಲೇ ಹೊಲದ ಕಾವಲಿನವನನ್ನು ಬಿಡಿಸಿದ ಹಾಗೆ. ಉಳಿದ ಕಡಿತಗಳಿಗೆಲ್ಲ ಬೊಕ್ಕಸದ ಕಾರಣ ಕೊಡಬಹುದು, ಇದಕ್ಕೆ ಕೊಡಲು ನನಗೆ ಮನಸ್ಸಿಲ್ಲ.

2010ರ ನವೆಂಬರಿನಲ್ಲಿ ಐರ್ಲೆಂಡ್ ಯೂರೋಪಿಯನ್ ಒಕ್ಕೂಟ ಮತ್ತು ಐಎಂಎಫ್ ಎದುರು ಕೈಚಾಚಿತು. ಒಟ್ಟು 8,500 ಕೋಟಿ ಯೂರೋಗಳ ಪ್ಯಾಕೇಜು. ಅದರಲ್ಲಿ 1,750 ಕೋಟಿ ಐರ್ಲೆಂಡಿನದೇ ಹಣ. ಅದರ ದೊಡ್ಡ ಭಾಗ ಬಂದದ್ದು ರಾಷ್ಟ್ರೀಯ ಪಿಂಚಣಿ ಮೀಸಲು ನಿಧಿಯಿಂದ. 2025ರಿಂದಾಚೆ ಮುಪ್ಪಾಗುವವರಿಗೆಂದು 2001ರಲ್ಲಿ ಶುರು ಮಾಡಿ ಕೂಡಿಟ್ಟಿದ್ದ ನಿಧಿ ಅದು. ನಮ್ಮ ಕಡೆ ಹಗೇವು ಬರಿದಾದರೂ ಬಿತ್ತನೆ ಬೀಜದ ಮಡಕೆಯನ್ನು ಅಟ್ಟದಿಂದ ಇಳಿಸುತ್ತಿರಲಿಲ್ಲ. ಅಲ್ಲಿ ಆ ಮಡಕೆ ಬ್ಯಾಂಕುಗಳಿಗೆ ಹೋಯಿತು.

ಪ್ಯಾಕೇಜಿನ ಷರತ್ತುಗಳಲ್ಲಿ ಕನಿಷ್ಠ ಕೂಲಿಯ ಇಳಿಕೆಯೂ ಒಂದು. ಗಂಟೆಗೆ 8.65 ಯೂರೋ ಇದ್ದದ್ದು 2011ರ ಫೆಬ್ರವರಿಯಿಂದ 7.65 ಆಯಿತು. ಸ್ವಲ್ಪ ಯೋಚಿಸಿ: ಹೋಟೆಲಿನಲ್ಲಿ ತಟ್ಟೆ ತೊಳೆಯುವವಳ ಕೂಲಿ ಒಂದು ಯೂರೋ ಇಳಿದರೆ ಸರ್ಕಾರದ ಬೊಕ್ಕಸಕ್ಕೆ ನೇರವಾಗಿ ಏನು ಉಳಿಯಿತು? ಏನೂ ಇಲ್ಲ; ಅವಳು ಕಟ್ಟುವ ತೆರಿಗೆ ಇದ್ದರೆ ಅದೂ ಇಳಿಯಿತು. ಚುನಾವಣೆಯಾಗಿ ಹೊಸ ಸರ್ಕಾರ ಬಂತು, ಸಾಲ ಕೊಟ್ಟವರ ಜೊತೆ ಮಾತಾಡಿತು, ಜುಲೈ 1ರಿಂದ ಹಳೆಯ ಕೂಲಿ ಮರಳಿತು. ಕಲ್ಲಿನ ಮೇಲೆ ಕೆತ್ತಿದ್ದೆಂದು ಹೇಳಿದ್ದ ಷರತ್ತು ಐದೇ ತಿಂಗಳಲ್ಲಿ ಅಳಿಸಿಹೋಯಿತು. ‘ಬೇರೆ ದಾರಿಯೇ ಇರಲಿಲ್ಲ’ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಐದು ತಿಂಗಳು ನೆನಪಾಗುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯನ್ನು ಇಂಥ ಹೊತ್ತಿನಲ್ಲಿ ಎಲ್ಲ ಹಣಕಾಸು ಸಚಿವರೂ ಬಳಸುತ್ತಾರೆ. ಗಾದೆಯಲ್ಲಿ ಹಾಸಿಗೆಯೂ ಕಾಲೂ ಒಬ್ಬನವೇ. ದೇಶದ ವಿಷಯದಲ್ಲಿ ಹಾಸಿಗೆ ಯಾರದೋ, ಮಡಿಸಿಕೊಳ್ಳಬೇಕಾದ ಕಾಲು ಇನ್ಯಾರದೋ.

ಅಂತಾರಾಷ್ಟ್ರೀಯ ಕಾನೂನು ಇದರ ಬಗ್ಗೆ ಮೌನವಾಗಿಲ್ಲ. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಗೆ ನಾವು 1979ರಲ್ಲಿ, ಐರ್ಲೆಂಡ್ 1989ರಲ್ಲಿ ಸೇರಿದೆವು. ಅದೂ ಲಭ್ಯವಿರುವ ಸಂಪನ್ಮೂಲದ ಮಾತನ್ನೇ ಆಡುತ್ತದೆ, ಆದರೆ ಲಭ್ಯವಿರುವುದನ್ನು ಗರಿಷ್ಠ ಮಟ್ಟಕ್ಕೆ ಬಳಸಬೇಕೆನ್ನುತ್ತದೆ. 1990ರಲ್ಲಿ ಒಡಂಬಡಿಕೆಯ ಸಮಿತಿ, ಅನ್ನ, ಪ್ರಾಥಮಿಕ ಆರೋಗ್ಯ, ಸೂರು, ಮೊದಲ ಹಂತದ ಶಿಕ್ಷಣ ಇವುಗಳಲ್ಲಿ ಕನಿಷ್ಠ ತಿರುಳೊಂದಿದೆ, ಅದನ್ನು ಪೂರೈಸುವುದು ಪ್ರತಿ ರಾಜ್ಯದ ಹೊಣೆ, ಹಿಂಜರಿತದಲ್ಲೂ ದುರ್ಬಲರನ್ನು ಕಾಯಲೇಬೇಕು ಎಂದಿತು. ಮೇಷ್ಟ್ರ ಭಾಷೆಯಲ್ಲಿ ಮೂಲಧನ. 2012ರಲ್ಲಿ ಯೂರೋಪೆಲ್ಲ ಕತ್ತರಿ ಹಿಡಿದಿದ್ದಾಗ ಅದೇ ಸಮಿತಿಯ ಅಧ್ಯಕ್ಷರು ಎಲ್ಲ ರಾಷ್ಟ್ರಗಳಿಗೂ ಪತ್ರ ಬರೆದರು: ಕಡಿತ ತಾತ್ಕಾಲಿಕವಾಗಿರಲಿ, ಅಗತ್ಯವಿದ್ದಷ್ಟೇ ಇರಲಿ, ತಾರತಮ್ಯ ಬೇಡ, ತಿರುಳನ್ನು ಮುಟ್ಟಬೇಡಿ. ಒಳ್ಳೆಯ ಪತ್ರ. ಪತ್ರಕ್ಕೆ ಹಲ್ಲಿರಲಿಲ್ಲ.

ಹಲ್ಲಿದ್ದ ಕೋರ್ಟೂ ಒಂದಿತ್ತು, ಲಾಟ್ವಿಯಾದಲ್ಲಿ. 2009ರ ಯೂರೋಪಿನ ಅತಿ ತೀವ್ರ ಕುಸಿತಗಳಲ್ಲಿ ಆ ಪುಟ್ಟ ದೇಶದ್ದೂ ಒಂದು. ಜುಲೈನಿಂದ ಪಿಂಚಣಿಗಳಿಗೆ ಶೇಕಡಾ 10, ಪಿಂಚಣಿ ಪಡೆಯುತ್ತಲೇ ಕೆಲಸ ಮಾಡುತ್ತಿದ್ದವರಿಗೆ ಶೇಕಡಾ 70ರಷ್ಟು ಕಡಿತ ಹಾಕಿದರು. ಸಾಲ ಕೊಟ್ಟವರಿಗೆ ಮಾತು ಕೊಟ್ಟಿದ್ದೇವೆ ಎಂದಿತು ಸರ್ಕಾರ. ಡಿಸೆಂಬರ್ 21ರಂದು ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನು ಹೊಡೆದುಹಾಕಿತು. ಸಾಲ ಕೊಟ್ಟವರಿಗೆ ಕೊಟ್ಟ ಮಾತು ಸಂವಿಧಾನ ಕೊಟ್ಟ ಹಕ್ಕನ್ನು ತಳ್ಳಲಾರದು; ಬೇರೆ ದಾರಿಗಳನ್ನು ಸರ್ಕಾರ ಸರಿಯಾಗಿ ಹುಡುಕಿಯೇ ಇಲ್ಲ ಎಂದಿತು. ಹಿಡಿದಿಟ್ಟ ಹಣವನ್ನು ಸರ್ಕಾರ ಹಿಂದಿರುಗಿಸಬೇಕಾಯಿತು, ಹಿಂದಿರುಗಿಸಿತು. ದೇಶ ಮುಳುಗಲಿಲ್ಲ. ನ್ಯಾಯಾಧೀಶರು ಅಲ್ಲಿ ಬಜೆಟ್ ಬರೆಯಲಿಲ್ಲ. ಹುಡುಕಿ ನೋಡಿದಿರಾ ಎಂದು ಕೇಳಿದರು, ಅಷ್ಟೆ. ನನಗೆ ಬೇಕಾದದ್ದೂ ಅಷ್ಟೇ.

ಇನ್ನು ನಮ್ಮ ಮನೆಗೆ ಬರೋಣ. 2020–21ರಲ್ಲಿ ನಮ್ಮ ಆರ್ಥಿಕತೆ ಕುಗ್ಗಿತು. 1979–80ರ ನಂತರ ಇಡೀ ವರ್ಷದ ಲೆಕ್ಕದಲ್ಲಿ ಹಾಗಾದದ್ದು ಅದೇ ಮೊದಲು. ಆ ವರ್ಷ ಮೇ 22ರಂದು ಕರ್ನಾಟಕ ಸರ್ಕಾರ ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಏರಿಸಿ ಅಧಿಸೂಚನೆ ಹೊರಡಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್ 11ರಂದು ಹಿಂತೆಗೆದುಕೊಂಡಿತು. ಗುಜರಾತಿನದು ಇನ್ನೂ ಮುಂದೆ ಹೋಗಿತ್ತು: ದಿನಕ್ಕೆ 12 ಗಂಟೆ, ಓಟಿಗೆ ಅಂದರೆ ಹೆಚ್ಚುವರಿ ದುಡಿಮೆಗೆ ಕಾನೂನಿನಂತೆ ಕೊಡಬೇಕಾದ ಎರಡು ಪಟ್ಟು ಕೂಲಿ ಇಲ್ಲ. ಸಾರ್ವಜನಿಕ ತುರ್ತು ಸ್ಥಿತಿಯಲ್ಲಿ ವಿನಾಯಿತಿ ಕೊಡಬಹುದೆಂಬ ಕಾರ್ಖಾನೆ ಕಾಯ್ದೆಯ ಒಂದು ಕಲಮನ್ನು ಸರ್ಕಾರ ಆಸರೆ ಮಾಡಿಕೊಂಡಿತ್ತು. ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ಗುಜರಾತಿನ ಅಧಿಸೂಚನೆಯನ್ನು ರದ್ದು ಮಾಡಿತು. ಆರ್ಥಿಕ ಹಿನ್ನಡೆ ದೇಶದ ಭದ್ರತೆಗೆ ಕುತ್ತು ತರುವಂಥ ತುರ್ತು ಸ್ಥಿತಿಯಾಗದು, ಅದರ ಹೊರೆಯನ್ನು ಕಾರ್ಮಿಕರ ಬೆನ್ನಿಗಷ್ಟೇ ಹೊರಿಸಲಾಗದು ಎಂದು ಹೇಳಿ, ಓಟಿ ಹಣ ಕೊಡಿಸಿತು. ಆ ತೀರ್ಪು ಪತ್ರಿಕೆಗಳಲ್ಲಿ ಒಂದು ದಿನ ಬಂದು ಹೋಯಿತು. ನಮ್ಮ ಕಾನೂನು ಕಾಲೇಜುಗಳಲ್ಲಿ ಅದನ್ನು ಇನ್ನಷ್ಟು ಓದಿಸಬೇಕು.

ಕೋರ್ಟಿಗಿಂತ ಹೆಚ್ಚು ಕೆಲಸ ಮಾಡಿದ್ದು ಆಗ ಜಾರಿಯಲ್ಲಿದ್ದ 2005ರ ಉದ್ಯೋಗ ಖಾತರಿ ಕಾಯ್ದೆ. ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗಿದ್ದ ರಾಯಚೂರು, ಯಾದಗಿರಿ, ಕಲಬುರಗಿಯ ಮಂದಿ ಗಂಟುಮೂಟೆ ಹೊತ್ತು ಊರಿಗೆ ಮರಳಿದರು. ಕೆರೆ ಹೂಳು, ಬದು, ಕೃಷಿಹೊಂಡ. ಕೆಲಸ ಕೇಳಿದ 15 ದಿನದೊಳಗೆ ಕೊಡಬೇಕು, ಇಲ್ಲವೇ ಭತ್ಯೆ ಕೊಡಬೇಕು ಎಂಬುದು ಕಾಯ್ದೆಯಲ್ಲೇ ಇತ್ತು. ಕೂಲಿ ತಡವಾಯಿತು, ಎನ್‌ಎಂಆರ್ ಎಂಬ ಹಾಜರಿ ಪಟ್ಟಿ ಸಿಕ್ಕಲಿಲ್ಲ, ಎಲ್ಲ ಗೋಳೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೂ ದೇಶದಲ್ಲಿ 2019–20ರಲ್ಲಿ 265 ಕೋಟಿ ಮಾನವ ದಿನಗಳಿದ್ದದ್ದು 2020–21ರಲ್ಲಿ 389 ಕೋಟಿಗೆ ಏರಿತು. 61,500 ಕೋಟಿ ರೂಪಾಯಿ ಇಟ್ಟಿದ್ದ ಸರ್ಕಾರ ಇನ್ನೂ 40,000 ಕೋಟಿ ಸೇರಿಸಬೇಕಾಯಿತು. ಬಡತನ ಹೆಚ್ಚಿದಷ್ಟೂ ಖರ್ಚು ತಾನಾಗಿ ಏರುವಂತೆ ಕಾನೂನನ್ನು ಮೊದಲೇ ಹೊಲಿದಿಟ್ಟಿದ್ದರು. ಮೇಷ್ಟ್ರ ನಾಲ್ಕನೆಯ ಷರತ್ತಿಗೆ ನಮ್ಮಲ್ಲಿ ಅತಿ ಹತ್ತಿರ ಬಂದದ್ದು ಇದೇ. ಅದೇ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಕೆಲಸ ಹೋದಾಗ ಕೇಳಲು ಅಂಥ ಕಾನೂನೇ ಇರಲಿಲ್ಲ. ಅವಳಿಗೆ ಸಿಕ್ಕಿದ್ದು ಪಡಿತರದ ಅಕ್ಕಿ, ದಾನಿಗಳ ಕಿಟ್ಟು. ಕಿಟ್ಟು ಬರದಿದ್ದರೆ ಯಾರನ್ನು ಕೇಳಬೇಕು? ಹಕ್ಕಿಗೂ ದಾನಕ್ಕೂ ಇರುವ ಅಂತರ ತಿಳಿಯುವುದು ಬರಬೇಕಾದದ್ದು ಬರದೇ ಹೋದ ದಿನ.

ಸಂವಿಧಾನದಲ್ಲಿ ಕಡಿತದ ಪಟ್ಟಿ ಎಲ್ಲಾದರೂ ಇದೆಯೇ ಎಂದು ಹುಡುಕುತ್ತ ಹೋದರೆ ಸಿಗುವುದು 360ನೆಯ ವಿಧಿ, ಹಣಕಾಸಿನ ತುರ್ತು ಪರಿಸ್ಥಿತಿ. ಇಲ್ಲಿಯವರೆಗೆ ಒಮ್ಮೆಯೂ ಘೋಷಣೆಯಾಗಿಲ್ಲ, ಆಗುವುದೂ ಬೇಡ. ಆದರೆ ಅಲ್ಲಿ ಸ್ಪಷ್ಟವಾಗಿ ಹೆಸರಿಸಿರುವ ಕಡಿತ ಯಾವುದು ಗೊತ್ತೇ? ಸರ್ಕಾರಿ ನೌಕರರ ಸಂಬಳ. ಸುಪ್ರೀಂ ಕೋರ್ಟು, ಹೈಕೋರ್ಟುಗಳ ನ್ಯಾಯಾಧೀಶರ ಸಂಬಳವನ್ನೂ ಸೇರಿಸಿ. ಕೂಲಿಯವನ ಕೂಲಿ, ವಿಧವೆಯ ಮಾಸಾಶನ, ಮಕ್ಕಳ ಬಿಸಿಯೂಟ ಆ ಪಟ್ಟಿಯಲ್ಲಿಲ್ಲ. ಬರೆದವರಿಗೆ ಅರಿವಿತ್ತೋ ಇಲ್ಲವೋ ಹೇಳಲಾರೆ, ಮೇಲಿನಿಂದ ಕೆಳಕ್ಕೆ ಎಂಬ ಒಂದು ಸಾಲು ಅಲ್ಲಿ ಬಿದ್ದುಬಿಟ್ಟಿದೆ. ಅದನ್ನು ಮುಂದುವರಿಸಿ ಪೂರ್ತಿ ಪಟ್ಟಿ ಮಾಡುವುದು ಕೋರ್ಟಿನ ಕೆಲಸವಲ್ಲ, ಶಾಸನಸಭೆಗಳ ಕೆಲಸ. ಯಾವುದೇ ಕಡಿತಕ್ಕೆ ಮುಂಚೆ ಯಾರಿಗೆ ಎಷ್ಟು ಪೆಟ್ಟು, ಬೇರೆ ಏನೇನು ನೋಡಿದೆವು, ಯಾವ ದಿನ ಇದು ಮುಗಿಯುತ್ತದೆ ಎಂದು ಮೂರು ಪುಟ ಬರೆದು ಸದನದಲ್ಲಿ ಇಡಬೇಕೆಂಬ ಕಾನೂನು ಮಾಡಲು ಹೆಚ್ಚು ಹಣವೇನೂ ಬೇಕಿಲ್ಲ.

ಐರ್ಲೆಂಡಿನವರು ಒಮ್ಮೆ ಅದರ ಹತ್ತಿರ ಬಂದರು. 2013ರ ಡಿಸೆಂಬರಿನಲ್ಲಿ ದೇಶ ಸಾಲದ ಷರತ್ತುಗಳಿಂದ ಹೊರಬಂತು. 2014ರ ಫೆಬ್ರವರಿಯಲ್ಲಿ ಅಲ್ಲಿನ ಸಂವಿಧಾನ ಸಮಾವೇಶ ಈ ವಿಷಯವನ್ನು ಎತ್ತಿಕೊಂಡಿತು. ಒಬ್ಬ ಅಧ್ಯಕ್ಷರು, 33 ರಾಜಕಾರಣಿಗಳು, ಚೀಟಿ ಎತ್ತಿದಂತೆ ಆರಿಸಿದ 66 ಸಾಮಾನ್ಯ ಜನ. ಆರ್ಥಿಕ, ಸಾಮಾಜಿಕ ಹಕ್ಕುಗಳಿಗೆ ಸಂವಿಧಾನದಲ್ಲಿ ಇನ್ನಷ್ಟು ಬಲ ಕೊಡಬೇಕೆಂದು ಶೇಕಡಾ 85 ಮಂದಿ ಮತ ಹಾಕಿದರು. ವರದಿ ಸಂಸತ್ತಿಗೆ ಹೋಯಿತು. ಜನಮತಕ್ಕೆ ಬರಲಿಲ್ಲ. ಅಷ್ಟು ಹೊತ್ತಿಗೆ ಆದಾಯ ಏರತೊಡಗಿತ್ತು, ಡಬ್ಲಿನ್ನಿನಲ್ಲಿ ಮತ್ತೆ ಕ್ರೇನುಗಳು ಎದ್ದಿದ್ದವು. ಸೂರಿಲ್ಲದೆ ತುರ್ತು ವಸತಿಯಲ್ಲಿ ರಾತ್ರಿ ಕಳೆಯುವವರ ಸಂಖ್ಯೆಯೂ ಏರುತ್ತಿತ್ತು, ಕೆಲವೇ ವರ್ಷಗಳಲ್ಲಿ 10,000 ದಾಟಿತು. ಕಷ್ಟದ ವರ್ಷ ಹಣವಿಲ್ಲ ಎಂದಿದ್ದರು. ಸುಖದ ವರ್ಷ ಬಂದಾಗ ಯಾರಿಗೂ ಅವಸರವಿರಲಿಲ್ಲ.